ಕಿರುಗಾವಲಿನ ಹಾದಿಯಲ್ಲಿ: ತಟ್ಟೆಯ ಹಾಡು, ತಂಬೂರಿಯ ಹಾಡು

ಮೈಸೂರಿನಿಂದ ಮೂಡಣ ದಿಕ್ಕಿಗೆ ಹೊರಟ ರಸ್ತೆ ಕಾವೇರಿಯನ್ನು ದಾಟಿ, ಬನ್ನೂರನ್ನು ಹಿಂದಿಕ್ಕಿ, ಗದ್ದೆ ಬಯಲುಗಳ ನಡುವೆ ಮಳವಳ್ಳಿಯ ಕಡೆಗೆ ಸಾಗುತ್ತದೆ. ಈ ಹಾದಿಯಲ್ಲಿ ಸಿಕ್ಕುವ ಊರು ಕಿರುಗಾವಲು. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಹೋಬಳಿಯ ಕೇಂದ್ರ. ಪ್ರವಾಸಕ್ಕೆಂದು ಬಂದವರು ಸೋಮನಾಥಪುರದ ಕೇಶವನನ್ನೂ ತಲಕಾಡಿನ ಮರಳನ್ನೂ ಶಿವನಸಮುದ್ರದ ಜಲಪಾತಗಳನ್ನೂ ಕಂಡು ಮರಳುವರೇ ಹೊರತು, ಕಿರುಗಾವಲಿಗೆಂದೇ ಬರುವವರು ವಿರಳ. ಬಸ್ಸು ನಿಂತಷ್ಟು ಹೊತ್ತು ಇಳಿದು, ಒಂದು ಲೋಟ ಚಹಾ ಕುಡಿದು, ಮತ್ತೆ ಹತ್ತಿ ಹೊರಟುಬಿಡುವ ಊರು ಇದು. ಕಣ್ಣಿಗೆ ಹಬ್ಬವಾಗುವ ಗೋಪುರವಾಗಲಿ ಕೋಟೆಯಾಗಲಿ ಈ ಊರಿನ ಹೆಸರನ್ನು ದೂರಕ್ಕೆ ಒಯ್ದಿಲ್ಲ.

ಆದರೂ ಹೆಸರಿನಲ್ಲಿ ಒಂದು ಸೊಗಸಿದೆ. ‘ಕಾವಲು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಾಯುವಿಕೆ ಎಂಬುದು ಒಂದು. ದನಕುರಿಗಳು ಮೇಯುವ ಹುಲ್ಲುಬಯಲು ಎಂಬುದು ಇನ್ನೊಂದು. ಹಳೆಯ ಮೈಸೂರು ಸೀಮೆಯಲ್ಲಿ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ ಕಾವಲುಗಳನ್ನು ಅರಿಯದವರಿಲ್ಲ. ಮಾಂಸದ ರುಚಿಗೆ ನಾಡಿನಲ್ಲೆಲ್ಲ ಹೆಸರಾದ ಬಂಡೂರು ಕುರಿ ಈ ತಾಲ್ಲೂಕಿನದೇ ತಳಿ. ಹೀಗಿರುವಾಗ ‘ಕಿರುಗಾವಲು’ ಎಂಬ ಹೆಸರನ್ನು ಚಿಕ್ಕ ಹುಲ್ಲುಗಾವಲು ಎಂದು ಓದಬಹುದು. ಚಿಕ್ಕದೊಂದು ಕಾಪು ಎಂದೂ ಓದಬಹುದು. ಎರಡನೆಯ ಅರ್ಥವೂ ಈ ಊರಿಗೆ ಹೇಗೆ ಒಪ್ಪುತ್ತದೆಂಬುದು ಈ ಬರಹದ ಕೊನೆಯಲ್ಲಿ ತಿಳಿಯುವುದು.

ಕಣ್ಣಿಗಿಂತ ಕಿವಿಯನ್ನು ತೆರೆದುಕೊಂಡು ಹೊರಟವನಿಗೆ ಈ ಹಾದಿ ಬೇರೆಯದೇ ಆಗಿ ತೋರುತ್ತದೆ. ಹಿಂದೆ ಉಳಿದ ಮೈಸೂರು ವೀಣೆ ಶೇಷಣ್ಣನವರ ಊರು. ದಕ್ಷಿಣಕ್ಕೆ, ಕಾವೇರಿ ಕಪಿಲೆಗಳು ಕೂಡುವೆಡೆ, ಪಿಟೀಲು ಚೌಡಯ್ಯನವರ ತಿರುಮಕೂಡಲು ನರಸೀಪುರ. ಮುಂದೆ, ಮಳವಳ್ಳಿಯ ಆಚೆಗೆ, ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಇರುಳೆಲ್ಲ ಹಾಡುವ ನೀಲಗಾರರ ಸೀಮೆ. ವಿದೇಶಗಳಲ್ಲಿ ಹಾಡಿನ ಕಂಪನಿಗಳವರು ವ್ಯಾನುಗಳಲ್ಲಿ ತಟ್ಟೆಗಳನ್ನು ಹೇರಿಕೊಂಡು, ಊರೂರಿನ ಸಂಗೀತದ ಹಬ್ಬಗಳಿಗೆ ಹೋಗಿ ನುಡಿಸಿ ಬರುವ ವಾಡಿಕೆ ಇದೆ. ಈ ಸೀಮೆಯಲ್ಲಿಯೂ ಹಾಡಿನ ತಟ್ಟೆ ದೊಡ್ಡ ಪ್ರವಾಸವನ್ನೇ ಮಾಡಿತು. ಆದರೆ ಅದಕ್ಕೆ ಮೊದಲೇ ಇದೇ ದಾರಿಗಳಲ್ಲಿ ಇನ್ನೊಂದು ಹಾಡು ಬರಿಗಾಲಿನಲ್ಲಿ ನಡೆಯುತ್ತಿತ್ತು. ಈ ಎರಡು ಪ್ರಯಾಣಗಳೂ ಎಲ್ಲಿ ಸಂಧಿಸಿದವು, ಸಂಧಿಸಿ ಏನಾಯಿತು ಎಂಬುದು ಕೇಳತಕ್ಕ ಕಥೆ.

ಅರಗಿನ ತಟ್ಟೆಯ ಪಯಣ

1902ನೆಯ ಇಸವಿ. ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರಗಳ ಪೆಟ್ಟಿಗೆಗಳೊಡನೆ ಹಡಗಿನಲ್ಲಿ ಕಲ್ಕತ್ತೆಗೆ ಬಂದನು. ಹೋಟೆಲೊಂದರಲ್ಲಿ ತಾತ್ಕಾಲಿಕವಾಗಿ ಏರ್ಪಡಿಸಿದ ಕೋಣೆಯಲ್ಲಿ, ನವೆಂಬರ್ ತಿಂಗಳು, ಗೌಹರ್ ಜಾನ್ ಎಂಬ ಹೆಸರಾಂತ ಗಾಯಕಿ ತುತ್ತೂರಿಯಂಥ ಕೊಳವೆಯೊಂದರ ಮುಂದೆ ಕುಳಿತು ಹಾಡಿದಳು. ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ಮುದ್ರಣವಾದ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿತ್ತು. ಅಲ್ಲಿ ಅಚ್ಚೊತ್ತುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲವೆ? ಕಲ್ಕತ್ತೆಯಲ್ಲಿಯೇ ತಟ್ಟೆಯ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಆ ವರ್ಷಗಳಲ್ಲಿ ಕಂಪನಿಯ ತಂತ್ರಜ್ಞರು ದೇಶದ ಒಂದೊಂದು ದಿಕ್ಕಿಗೂ ಯಂತ್ರ ಹೊತ್ತು ತಿರುಗಿ ಕಂಠಗಳನ್ನು ಕೂಡಿಟ್ಟರು.

ತಟ್ಟೆ ಮಾಡುತ್ತಿದ್ದ ವಸ್ತುವಿನ ಕಥೆಯೂ ಸ್ವಾರಸ್ಯವಾದುದೇ. ಕಲ್ಲಿನ ಪುಡಿಗೆ ಅರಗನ್ನು ಬೆರೆಸಿ ಆ ಕಪ್ಪು ತಟ್ಟೆಗಳನ್ನು ಒತ್ತುತ್ತಿದ್ದರು. ಅರಗು ಭಾರತದ ಕಾಡಿನ ಮರಗಳ ಮೇಲೆ ಪುಟ್ಟ ಹುಳುಗಳು ಒಸರಿಸುವ ಅಂಟು. ಅದು ಕಡಲು ದಾಟಿ ಹೋಗಿ ಹಾಡಾಗಿ ಹಿಂದಿರುಗಿತು. ಇನ್ನು ಪೆಟ್ಟಿಗೆಯನ್ನು ನಡೆಸುವುದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಹಿಡಿಯನ್ನು ತಿರುಗಿಸಿ ಸ್ಪ್ರಿಂಗಿಗೆ ಕೀಲಿ ಕೊಟ್ಟರೆ ಸಾಕು. ಪ್ರತಿಯೊಂದು ಹಾಡಿಗೂ ಹೊಸದೊಂದು ಮುಳ್ಳು ಹಾಕಿದರಾಯಿತು. ಇಲ್ಲೊಂದು ಸೋಜಿಗವನ್ನು ಗಮನಿಸಬೇಕು. ಗೌಹರ್ ಜಾನಳ ಕಂಠ ಮುದ್ರಣವಾದ ಅದೇ 1902ರಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ಕಾಲ ಹರಳೆಣ್ಣೆಯ ದೀಪ, ಸೀಮೆಎಣ್ಣೆಯ ಬುಡ್ಡಿ. ಕೈಯಿಂದ ಕೀಲಿ ಕೊಡುವ ಪೆಟ್ಟಿಗೆಯಾದುದರಿಂದಲೇ ಹಾಡು ದೀಪಕ್ಕೂ ಮೊದಲು ಹಳ್ಳಿಯನ್ನು ಸೇರಬಲ್ಲುದಾಯಿತು.

ಆ ಮೊದಲ ತಟ್ಟೆಯ ಗಾಯಕಿಗೂ ಈ ಸೀಮೆಗೂ ಒಂದು ಋಣಾನುಬಂಧವಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ, ಅಪಾರ ಕೀರ್ತಿಯನ್ನೂ ಹಣವನ್ನೂ ಗಳಿಸಿ, ಎರಡನ್ನೂ ಕಳೆದುಕೊಂಡ ಗೌಹರ್ ಜಾನಳನ್ನು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದ ಗಾಯಕಿಯಾಗಿ ಬರಮಾಡಿಕೊಂಡರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದಳು. ದೇಶವನ್ನೆಲ್ಲ ತಿರುಗಿದ ಕಂಠ ಕಡೆಗೆ ತಣ್ಣಗಾದುದು ಕಿರುಗಾವಲಿನ ಈ ಹಾದಿ ಹೊರಡುವ ಊರಿನಲ್ಲಿ. ಆಕೆಯ ತಟ್ಟೆಗಳು ಮಾತ್ರ ಉಳಿದುವು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಆಕೆಯ ಜೀವನಚರಿತ್ರೆಯನ್ನು ಬರೆದುದಲ್ಲದೆ, ಅಂಥ ಹಳೆಯ ತಟ್ಟೆಗಳ ಧ್ವನಿಯನ್ನು ಹೊಸ ತಂತ್ರಕ್ಕಿಳಿಸಿ, ಯಾರು ಬೇಕಾದರೂ ಕೇಳುವಂತೆ ಮಾಡಿರುವರು.

ಕನ್ನಡದ ಹಾಡೂ ತಟ್ಟೆಯೇರಲು ತಡವಾಗಲಿಲ್ಲ. ನಾಟಕದ ಕಂದಗಳು, ದಾಸರ ಪದಗಳು, ಹಾಸ್ಯದ ಸಂಭಾಷಣೆಗಳು ಅರಗಿನಲ್ಲಿ ಅಚ್ಚಾದುವು. ಬಿ. ಎಸ್. ರಾಜಯ್ಯಂಗಾರ್ಯರು ಹಾಡಿದ ಪುರಂದರದಾಸರ ಕೃತಿಯ ತಟ್ಟೆ ಮನೆಮಾತಾಯಿತು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡಗೂಡಿ ಹಾಡಿದ ಕವಿತೆಗಳೂ ಜನಪದ ಗೀತೆಗಳೂ, ಪುಸ್ತಕವನ್ನೇ ತೆರೆಯದವರ ನಾಲಗೆಯ ಮೇಲೆ ಕವಿಗಳ ಮಾತನ್ನು ಕುಣಿಸಿದುವು. ಶ್ರೀಮಂತರ ಪಡಸಾಲೆಯಿಂದ ಪೆಟ್ಟಿಗೆ ಮೆಲ್ಲನೆ ಬೀದಿಗಿಳಿಯಿತು. ತಲೆಯ ಮೇಲೆ ಪೆಟ್ಟಿಗೆ, ಹೆಗಲಿಗೆ ತಟ್ಟೆಯ ಚೀಲ, ಕೈಯಲ್ಲಿ ಹಿತ್ತಾಳೆಯ ತುತ್ತೂರಿ ಹಿಡಿದು ಜಾತ್ರೆಗೆ ಬಂದವನು ಕಾಸು ಕೊಟ್ಟವರಿಗೆ ಹಾಡು ಕೇಳಿಸುತ್ತಿದ್ದ ಕಾಲವೊಂದಿತ್ತು. ಪೆಟ್ಟಿಗೆಯ ಹಿಂದೆ ಮನುಷ್ಯನು ಅಡಗಿಲ್ಲವಷ್ಟೆ ಎಂದು ಇಣಿಕಿ ನೋಡದ ಹುಡುಗರಿರಲಿಲ್ಲ.

ವಿದ್ಯುತ್ತು ಬಂದ ಮೇಲೆ ತಟ್ಟೆಗೆ ಮತ್ತೊಂದು ಗಂಟಲು ಮೂಡಿತು, ಅದೇ ಧ್ವನಿವರ್ಧಕ. ಮದುವೆ, ನಾಮಕರಣ, ಊರಹಬ್ಬ, ಎಲ್ಲಕ್ಕೂ ‘ಮೈಕ್ ಸೆಟ್ಟು’ ಬಾಡಿಗೆಗೆ ಬರತೊಡಗಿತು. ಬೇವಿನ ಮರದ ಕೊಂಬೆಗೆ ತುತ್ತೂರಿಯನ್ನು ಕಟ್ಟಿದರೆ ಎರಡು ಊರಾಚೆಯವರಿಗೂ ಮದುವೆಯ ಮನೆ ಯಾವುದೆಂದು ಕೇಳುತ್ತಿತ್ತು. ಕೊಯ್ಲು ಮುಗಿದ ಬಯಲಿನಲ್ಲಿ ಟೆಂಟ್ ಸಿನಿಮಾ ನಿಂತಾಗ ಹಾಡಿನ ತಟ್ಟೆಯೇ ಗಡಿಯಾರ. 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ ಚಿತ್ರದ ಶಿವಸ್ತುತಿಯನ್ನು ಹಾಕಿದರೆಂದರೆ ಆಟ ಇನ್ನೇನು ಆರಂಭವಾಗುತ್ತದೆಂದು ಅರ್ಥ. ಉಣ್ಣುತ್ತಿದ್ದವರು ಅರ್ಧಕ್ಕೇ ಕೈತೊಳೆದು ಓಡುತ್ತಿದ್ದರು. ಯಾವ ಕಂಪನಿಯೂ ಯೋಜನೆ ಹಾಕಿ ಕಳುಹಿಸದಿದ್ದರೂ, ಕಂಪನಿಯ ತಟ್ಟೆ ಹೀಗೆ ಎತ್ತಿನಗಾಡಿಯಲ್ಲಿ, ಬಸ್ಸಿನ ತಲೆಯ ಮೇಲೆ, ಬಾಡಿಗೆಯ ಸೈಕಲ್ಲಿನ ಹಿಂದೆ ಕುಳಿತು ಹೋಬಳಿ ಹೋಬಳಿಯನ್ನೂ ಸುತ್ತಿತು.

ಮೂರು ನಿಮಿಷಕ್ಕೆ ಒಗ್ಗದ ಹಾಡು

ಈ ತಟ್ಟೆಗೆ ಒಂದು ಮಿತಿಯಿತ್ತು. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಹಾಡು ಹಿಡಿಯುತ್ತಿತ್ತು, ಅಷ್ಟೆ. ಗಂಟೆಗಟ್ಟಲೆ ರಾಗವನ್ನು ಬೆಳೆಸಬಲ್ಲ ವಿದ್ವಾಂಸರು ಅದಕ್ಕಾಗಿ ತಮ್ಮ ವಿದ್ಯೆಯನ್ನು ಹಿಡಿಯಷ್ಟು ಮಾಡಿಕೊಂಡರು. ಕೆಲವರು ಅದರಲ್ಲಿಯೇ ಚಮತ್ಕಾರವನ್ನೂ ತೋರಿದರು. ಕೀರ್ತನೆಯನ್ನು ಮೊಟಕು ಮಾಡಬಹುದು. ನಾಟಕದ ಹಾಡನ್ನು ಕಥೆಯಿಂದ ಬಿಡಿಸಿ ತೆಗೆಯಬಹುದು. ಆದರೆ ಇರುಳು ಊಟದ ಮೇಲೆ ಮೊದಲಾಗಿ ಕೋಳಿ ಕೂಗುವ ವರೆಗೆ ನಡೆಯುವ ಹಾಡನ್ನು ಎಲ್ಲಿ ಕತ್ತರಿಸುವುದು?

ಅಂಥ ಹಾಡು ಮಂಟೇಸ್ವಾಮಿಯ ಕಾವ್ಯ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ. ಕಾವೇರಿಯಾಚೆ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಗದ್ದುಗೆ. ಈ ಪರಂಪರೆಗೆ ಗುರುಮುಖವಾಗಿ ದೀಕ್ಷೆಯಾದ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಡನೆ ಕಥೆಯನ್ನು ಹಾಡುತ್ತಾರೆ. ಮುಖ್ಯ ಗಾಯಕನು ಸಾಲೆತ್ತಿದರೆ ಹಿಮ್ಮೇಳದವರು ಹಿಡಿದು ನಿಲ್ಲಿಸುತ್ತಾರೆ. ನಡುನಡುವೆ ಮಾತು, ತಮಾಷೆ, ಕೇಳುವವರ ಹೂಂಗುಟ್ಟುವಿಕೆ. ಕೇಳುಗರು ತೂಕಡಿಸಿದರೆ ಕಥೆ ಒಂದು ದಾರಿ ಹಿಡಿಯುತ್ತದೆ; ಕಣ್ಣೀರು ಸುರಿಸಿದರೆ ಮತ್ತೊಂದು ದಾರಿ. ಇದರ ಅಳತೆ ಹಾಡುವವನ ಕೈಯಲ್ಲಿ ಎಷ್ಟಿದೆಯೋ ಕೇಳುವವರ ಕೈಯಲ್ಲಿಯೂ ಅಷ್ಟೇ ಇದೆ.

ಕಥೆ ನಡೆಯುವ ನೆಲವಾದರೂ ಯಾವುದು? ಕಲ್ಯಾಣದ ಶರಣರನ್ನು ಪರೀಕ್ಷಿಸಿ ದಕ್ಷಿಣಕ್ಕೆ ಬಂದ ಮಂಟೇಸ್ವಾಮಿ, ತನ್ನ ಶಿಷ್ಯ ಸಿದ್ಧಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೆ ಕಳುಹಿಸುತ್ತಾನೆ. ಕುಲುಮೆಯ ಒಡೆಯರು ಭಿಕ್ಷೆ ನೀಡಲು ಒಪ್ಪುವುದಿಲ್ಲ; ಬಡ ಶಿಷ್ಯನನ್ನು ನಾನಾ ಪರೀಕ್ಷೆಗಳಿಗೆ ಗುರಿಮಾಡುತ್ತಾರೆ; ಕೊನೆಗೆ ಸೋಲುತ್ತಾರೆ. ಆ ಹಲಗೂರು ಬೇರೆಲ್ಲಿಯೂ ಇಲ್ಲ, ಕಿರುಗಾವಲಿನಂತೆ ಇದೇ ಮಳವಳ್ಳಿ ತಾಲ್ಲೂಕಿನ ಇನ್ನೊಂದು ಹೋಬಳಿ! ತನ್ನ ಸೀಮೆಯ ಊರು, ತಾನು ನಡೆದ ದಾರಿ, ತಾನು ಬಲ್ಲ ಕುಲುಮೆ ಕಥೆಯೊಳಗೆ ಬಂದಾಗ ಕೇಳುವವನ ಮೈ ನವಿರೇಳದಿರುವುದೆಂತು? ಕಲ್ಕತ್ತೆಯಿಂದ ಬಂದ ತಟ್ಟೆಯಲ್ಲಿ ಎಷ್ಟು ಇಂಪಿದ್ದರೂ ಹಲಗೂರಿನ ಹೆಸರಿರಲಿಲ್ಲ.

ನೀಲಗಾರನ ತಿರುಗಾಟವೂ ಒಂದು ಕ್ರಮಬದ್ಧವಾದ ಪ್ರವಾಸವೇ. ಒಕ್ಕಲು ಮನೆಗಳ ಮುಂದೆ ನಿಂತು ಹಾಡಿ ಭಿಕ್ಷೆ ಪಡೆಯುವುದು. ಹರಕೆ ಹೊತ್ತವರ ಅಂಗಳದಲ್ಲಿ ಇಡೀ ಇರುಳು ಕಥೆ ಮಾಡುವುದು. ವರ್ಷಕ್ಕೊಮ್ಮೆ ಚಿಕ್ಕಲ್ಲೂರಿನ ಐದು ದಿನದ ಜಾತ್ರೆಗೆ ಹೋಗಿ ಗದ್ದುಗೆಯ ಮುಂದೆ ಸೇವೆ ಸಲ್ಲಿಸುವುದು. ಅವನಿಗೆ ಒಡೆಯನಿದ್ದಾನೆ, ಮುದ್ರೆಯಿದೆ, ಕೇಳುಗರ ಬಳಗವಿದೆ. ಬೇಕೆಂದರೆ ಅವನನ್ನು ಕಾಲುಳ್ಳ ತಟ್ಟೆಯೆನ್ನಬಹುದು. ವ್ಯತ್ಯಾಸವಿಷ್ಟೆ: ತಟ್ಟೆ ಸಾವಿರ ಸಲವೂ ಅದನ್ನೇ ಹಾಡುತ್ತದೆ, ನೀಲಗಾರನು ಒಂದೇ ಕಥೆಯನ್ನು ಎರಡು ಸಲ ಒಂದೇ ರೀತಿ ಹಾಡಲಾರನು.

ಯಂತ್ರವೇ ಊರಿಗೆ ಬಂದುದು

ಇಂಥ ಹಾಡಿಗೆ ಯಂತ್ರ ದೊರೆತುದು ಟೇಪಿನ ಕಾಲದಲ್ಲಿ. ಈ ಸಲ ಪ್ರಯಾಣದ ದಿಕ್ಕು ಬದಲಾಯಿತು. ಹಾಡು ತುಂಬಿದ ತಟ್ಟೆ ಊರಿಗೆ ಬರುವುದರ ಬದಲು, ಬರಿದಾದ ಟೇಪು ಹಾಡನ್ನು ಹುಡುಕಿಕೊಂಡು ಊರಿಗೆ ಬಂದಿತು. ಮಂಡ್ಯ ಜಿಲ್ಲೆಯ ಮಣ್ಣಿನಲ್ಲಿಯೇ ಹುಟ್ಟಿದ ಇಬ್ಬರು ಮಹನೀಯರನ್ನು ಇಲ್ಲಿ ನೆನೆಯಬೇಕು. ನಾಗಮಂಗಲ ಸೀಮೆಯ ಜೀ. ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ತಿರುಗಿ ವೃತ್ತಿಗಾಯಕರ ಕಾವ್ಯಗಳನ್ನು ಕಲೆಹಾಕಿದರು. 1968ರಲ್ಲಿ ರೂಪುಗೊಂಡ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ಹಿಂದೆಯೂ ಅವರ ದುಡಿಮೆಯಿದೆ. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು ಸರ್ಕಾರದ ಉನ್ನತ ಹುದ್ದೆಯಲ್ಲಿದ್ದವರು. ಟೇಪ್‌ರೆಕಾರ್ಡರ್ ಹಿಡಿದು ನೂರಾರು ಕಲಾವಿದರ ಕಂಠಗಳನ್ನು ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು.

ಅನಂತರ ಬಂದುದು ಕ್ಯಾಸೆಟ್ಟು. 1963ರಲ್ಲಿ ಫಿಲಿಪ್ಸ್ ಕಂಪನಿ ಲೋಕಕ್ಕೆ ತೋರಿದ ಈ ಪುಟ್ಟ ಪೆಟ್ಟಿಗೆ 1980ರ ದಶಕದಲ್ಲಿ ಭಾರತದ ಸಂತೆಬೀದಿಗಳನ್ನು ತುಂಬಿತು. ಅಗ್ಗ, ಒಡೆಯುವುದಿಲ್ಲ, ಒಂದೊಂದು ಮಗ್ಗುಲಿನಲ್ಲಿ ಅರ್ಧ ಗಂಟೆಯ ಹಾಡು ಹಿಡಿಸುತ್ತದೆ. ಹಾಡಿಸುವುದಕ್ಕೆ ದೂರದ ಕಾರ್ಖಾನೆಯ ಹಂಗಿಲ್ಲ. ಬೆಂಗಳೂರಿನ ಚಿಕ್ಕ ಕಂಪನಿಗಳಿಗೂ ಅದು ಸಾಧ್ಯವಾಯಿತು. ಮೂರು ನಿಮಿಷದ ಬಾಗಿಲಲ್ಲಿ ತಲೆತಗ್ಗಿಸಲು ಒಪ್ಪದೆ ಹೊರಗುಳಿದಿದ್ದ ಮಾದೇಶ್ವರ, ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಗಳು ಈಗ ಭಾಗ ಭಾಗವಾಗಿ ಒಳಗೆ ಬಂದುವು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಕ್ಯಾಸೆಟ್ಟಿನ ಮೂಲಕ ಚಹಾದಂಗಡಿ, ಲಾರಿ, ಆಟೋರಿಕ್ಷಾ, ಒಕ್ಕಲುಮನೆಗಳಲ್ಲೆಲ್ಲ ಮೊಳಗಿತು. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಕಿವಿಯಲ್ಲಿ ಆ ಹಾಡು. ಜಾತ್ರೆಯ ಕ್ಯಾಸೆಟ್ಟಿನಂಗಡಿಯ ಮುಂದೆ ನಿಂತವರ ಬಾಯಲ್ಲಿಯೂ ಅದೇ. ನೀಲಗಾರರು ನಡೆದು ಸವೆಸಿದ ಹಾದಿಯಲ್ಲಿಯೇ ಅವರ ಕಂಠದ ಸರಕು ಮಾರಾಟಕ್ಕೆ ಹೊರಟಿತು.

ಇದು ಲಾಭವೋ ನಷ್ಟವೋ? ಲಾಭವನ್ನು ಅಲ್ಲಗಳೆಯುವಂತಿಲ್ಲ. ಶತಮಾನಗಳಿಂದ ಭಿಕ್ಷೆಯ ಜೋಳಿಗೆಯೊಡನೆ ಹೊಸ್ತಿಲ ಹೊರಗೆ ನಿಂತಿದ್ದ ಗಾಯಕನ ಹೆಸರು ಮೊದಲ ಸಲ ಅಚ್ಚಾಯಿತು. ಅವನ ಭಾವಚಿತ್ರ ಹೊದಿಕೆಯ ಮೇಲೆ ಬಂದಿತು. ಅವನನ್ನು ಮನೆಯೊಳಗೆ ಕರೆಯದವರೂ ಅವನ ಧ್ವನಿಯನ್ನು ಒಳಗೆ ಕರೆದರು. ಇಷ್ಟನ್ನು ಯಂತ್ರ ಸಾಧಿಸಿತೆಂಬುದು ಸಾಮಾನ್ಯದ ಮಾತಲ್ಲ.

ಆದರೆ ನಷ್ಟವೂ ಉಂಟು. ಅಂಗಡಿ ಅಂಗಡಿಯ ಧ್ವನಿವರ್ಧಕಗಳು ಏಕಕಾಲಕ್ಕೆ ಹೊಡೆದುಕೊಳ್ಳುವ ಜಾತ್ರೆಯಲ್ಲಿ ಮರದಡಿಯ ತಂಬೂರಿ ಯಾರಿಗೆ ಕೇಳಿಸೀತು? ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೂ ನಾದ ತಲಪಲೆಂದು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದರು. ನೀಲಗಾರನ ತಂಬೂರಿಗೆ ಆ ಉಪಾಯ ಸಾಲದು. ಹರಕೆಯ ಇರುಳಿಗೆ ಕಥೆ ಮಾಡಿಸುವ ಬದಲು ಕ್ಯಾಸೆಟ್ಟು ಹಾಕಿ ಮಲಗಿದರಾಯಿತೆಂಬ ಮನೆಗಳಾದುವು. ಮುಂದೆ ಕ್ಯಾಸೆಟ್ಟೂ ಹೋಯಿತು. ಬೆರಳಿನ ಉಗುರಿನಷ್ಟು ಚಿಪ್ಪಿನೊಳಗೆ ಇಡೀ ಕಾವ್ಯವೇ ಹಿಡಿಸಿತು. ಮೂರು ನಿಮಿಷದ ತೊಡಕು ಈಗ ಇಲ್ಲ, ಸ್ಥಳಕ್ಕೆ ಬರವಿಲ್ಲ. ಬರ ಬಂದಿರುವುದು ಇರುಳೆಲ್ಲ ಕೂತು ಹೂಂಗುಟ್ಟುವವರಿಗೆ. ಹೂಂಗುಟ್ಟುವವರಿಲ್ಲದೆಡೆ ಎಳೆಯ ಹುಡುಗ ತಂಬೂರಿ ಹಿಡಿದು ಕಲಿಯುವುದಾದರೂ ಯಾರಿಗಾಗಿ?

ಬಿತ್ತಿ ಕಾಯುವ ಕಾವಲು

ಈ ಪ್ರಶ್ನೆಗೆ ಉತ್ತರದಂಥದೊಂದು ಕಿರುಗಾವಲಿನಲ್ಲಿಯೇ ಇದೆ. ಅದು ಸಂಗೀತಶಾಲೆಯಲ್ಲಿಲ್ಲ, ಗದ್ದೆಯಲ್ಲಿದೆ. ಈ ಊರಿನ ರೈತ ಸೈಯದ್ ಘನಿ ಖಾನ್ ಅವರ ಹೆಸರು ನಾಡಿನ ಬೇಸಾಯಗಾರರಿಗೆ ಅಪರಿಚಿತವಲ್ಲ. ವಸ್ತುಸಂಗ್ರಹಾಲಯದ ಕೆಲಸದ ಕಡೆಗೆ ಮನಸ್ಸಿದ್ದ ಅವರು ಮನೆಯ ಹೊಣೆಯಿಂದ ಹೊಲಕ್ಕೆ ಮರಳಿದರು. ಮರಳಿದವರು ಹೊಲವನ್ನೇ ಸಂಗ್ರಹಾಲಯವನ್ನಾಗಿ ಮಾಡಿದರು. ಅವರ ‘ಬಡಾ ಬಾಗ್’ ತೋಟ ಟಿಪ್ಪುವಿನ ಕಾಲದ್ದೆಂದು ಪ್ರತೀತಿ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವುಗಳು. ಗದ್ದೆಯಲ್ಲಿಯೋ, ದೇಶದ ನಾನಾ ಕಡೆಗಳಿಂದ ಕೂಡಿಸಿದ ನೂರಾರು ಬತ್ತದ ತಳಿಗಳು. ರಾಜಮುಡಿ, ರತ್ನಚೂಡಿ, ಗಂಧಸಾಲೆ ಎಂಬ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಅದೇ ಒಂದು ಪದವಾಗುತ್ತದೆ.

ಬತ್ತದ ಬೀಜದ ಗುಣವನ್ನು ರೈತರು ಬಲ್ಲರು. ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿದರೆ ಅದು ಉಳಿಯದು. ಒಂದೆರಡು ವರ್ಷ ಕಳೆಯಿತೆಂದರೆ ಮೊಳಕೆಯ ಕಸುವು ಕುಂದುತ್ತದೆ. ನೋಡುವುದಕ್ಕೆ ಬೀಜ, ಬಿತ್ತಿದರೆ ಮಣ್ಣು. ಆದುದರಿಂದ ತಳಿಯನ್ನು ಕಾಯುವವನು ಮತ್ತೆ ಮತ್ತೆ ಅದನ್ನು ಮಡಿಗೆ ಹಾಕಬೇಕು, ನೆಡಬೇಕು, ಕಳೆ ಕೀಳಬೇಕು, ಬೆರಕೆಯಾಗದಂತೆ ತೆನೆ ಆರಿಸಬೇಕು, ಮರುವರ್ಷ ಪುನಃ ಮಣ್ಣಿಗೇ ಕೊಡಬೇಕು. ಇಲ್ಲಿ ಕಾಯುವುದೆಂದರೆ ಬಿತ್ತುವುದು. ಅಷ್ಟೇ ಅಲ್ಲದೆ, ನೆರೆಯವನಿಗೂ ಒಂದು ಹಿಡಿ ಕೊಡುವುದು. ಒಬ್ಬನ ಗದ್ದೆಯಲ್ಲಿ ಬೆಳೆ ಹೋದರೆ ಇನ್ನೊಬ್ಬನ ಗದ್ದೆಯಲ್ಲಿ ಉಳಿಯಲೆಂದು.

ಹಾಡಿನ ಗುಣವೂ ಇದೇ. ಗೌಹರ್ ಜಾನಳ ಕಂಠವನ್ನು ಅರಗು ಕಾಪಾಡಿತು. ಆ ತಟ್ಟೆ ಇರದಿದ್ದರೆ ಆಕೆಯ ಕಲೆಯ ನೆರಳೂ ಇಂದಿನವರಿಗೆ ಸಿಕ್ಕುತ್ತಿರಲಿಲ್ಲ. ನಾಗೇಗೌಡರ ಟೇಪುಗಳಿಲ್ಲದಿದ್ದರೆ ಎಷ್ಟೋ ಮುದುಕಿಯರ ಸೋಬಾನೆ ಅವರ ಜೊತೆಯಲ್ಲಿಯೇ ಮಣ್ಣಾಗುತ್ತಿತ್ತು. ಯಂತ್ರವನ್ನು ಹಳಿಯುವುದು ಕೃತಘ್ನತೆ. ಆದರೆ ತಟ್ಟೆಯಾಗಲಿ ಟೇಪಾಗಲಿ ಗಡಿಗೆಯ ಬೀಜದಂತೆ. ಯಾರಾದರೊಬ್ಬರು ಅದನ್ನು ಕೇಳಿ, ಕಲಿತು, ಅಂಗಳದಲ್ಲಿ ಕುಳಿತು ತಮ್ಮ ಬಾಯಿಂದ ಹಾಡಿದಾಗಲೇ ಮೊಳಕೆ. ಅದೃಷ್ಟವಶಾತ್ ಒಣಗಿದ ಹಾಡಿಗೆ ಬೀಜಕ್ಕಿಲ್ಲದ ಒಂದು ಭಾಗ್ಯವುಂಟು. ಹತ್ತು ವರ್ಷದ ಮೇಲಾದರೂ, ಐವತ್ತು ವರ್ಷದ ಮೇಲಾದರೂ, ಕಿವಿಯಿಟ್ಟು ಕೇಳುವ ಒಬ್ಬ ಹುಡುಗ ದೊರೆತರೆ ಅದು ಮತ್ತೆ ಚಿಗುರಬಲ್ಲುದು. ಚಿಕ್ಕಲ್ಲೂರಿನ ಗದ್ದುಗೆಯ ಮುಂದೆ ಈಗಲೂ ತಂಬೂರಿಯ ತಂತಿ ಮಿಡಿಯುತ್ತದೆ. ಮೊಬೈಲಿನಲ್ಲಿ ಕಥೆ ಕೇಳಿ ಸಾಲುಗಳನ್ನು ಕಂಠಪಾಠ ಮಾಡುವ ಎಳೆಯರಿದ್ದರೆ ಅವರ ಪಾಲಿಗೆ ಯಂತ್ರವೂ ಒಬ್ಬ ಗುರುವೇ.

ಸಂಜೆಯ ಬಸ್ಸು ಕಿರುಗಾವಲನ್ನು ಬಿಟ್ಟು ಮಳವಳ್ಳಿಯ ಕಡೆಗೆ ಹೊರಡುತ್ತದೆ. ಬಲಕ್ಕೂ ಎಡಕ್ಕೂ ಬತ್ತದ ಪೈರು, ಕಬ್ಬಿನ ಗರಿ, ದೂರದಲ್ಲಿ ಮಾವಿನ ತೋಪಿನ ಕಪ್ಪು. ಇಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ಒಂದು ಹಲಗೂರಿಗೆ, ಒಂದು ಬೊಪ್ಪೇಗೌಡನಪುರಕ್ಕೆ, ಇನ್ನೊಂದು ಕಾವೇರಿಯನ್ನು ದಾಟಿ ಕೊಳ್ಳೇಗಾಲಕ್ಕೆ. ಚಾಲಕನ ಬಳಿಯ ಪೆಟ್ಟಿಗೆಯಿಂದ ಮಾದಪ್ಪನ ಪದವೊಂದು ಕೇಳಿಬಂದರೆ ಪ್ರಯಾಣಿಕನು ಬೇಸರಿಸಬೇಕಾದುದಿಲ್ಲ. ಆ ಪದಕ್ಕೆ ಹಿಂದಿನ ಆಸನದ ಮುದುಕನೊಬ್ಬನು ತನಗರಿವಿಲ್ಲದೆಯೇ ದನಿಗೂಡಿಸಿದನೆಂದರೆ, ಈ ಸೀಮೆಯ ಹಾಡಿಗೆ ಇನ್ನೂ ಕಾವಲಿದೆ ಎಂದು ತಿಳಿಯಬಹುದು.